114 ಪೌಂಡ್: ಮೇರಿ ಕೇನ್ ಮತ್ತು ನೈಕಿ ಒರೆಗಾನ್ ಪ್ರಾಜೆಕ್ಟ್ ಪ್ರಕರಣ

ಮೇರಿ ಕೇನ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನವರು. 2013ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ, 800 ಮೀಟರ್ ಓಟವನ್ನು 1 ನಿಮಿಷ 59.51 ಸೆಕೆಂಡ್‌ಗಳಲ್ಲಿ ಮುಗಿಸಿ, ಎರಡು ನಿಮಿಷದೊಳಗೆ ಆ ದೂರವನ್ನು ಕ್ರಮಿಸಿದ ಆ ದೇಶದ ಮೊದಲ ಹೈಸ್ಕೂಲ್ ಬಾಲಕಿ ಎನಿಸಿಕೊಂಡರು. ಅದೇ ವರ್ಷ ಮಾಸ್ಕೋದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾದಾಗ ಆಕೆಗೆ 17 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಮೆರಿಕದಿಂದ ಆ ಕೂಟಕ್ಕೆ ಹೋದವರು ಅದುವರೆಗೆ ಯಾರೂ ಇರಲಿಲ್ಲ. 1500 ಮೀಟರ್ ಓಟದ ಫೈನಲ್ ತಲುಪಿ ಹತ್ತನೆಯವರಾದರು. ಮರುವರ್ಷ ಯೂಜೀನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನ 3000 ಮೀಟರ್‌ನಲ್ಲಿ ಚಿನ್ನ ಗೆದ್ದರು. ಇಷ್ಟಾದ ಮೇಲೆ ಆಕೆಯ ಹೆಸರು ಫಲಿತಾಂಶ ಪಟ್ಟಿಗಳಲ್ಲಿ ಕೆಳಗಿಳಿಯುತ್ತಾ ಹೋಯಿತು. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಆಕೆ ಇರಲಿಲ್ಲ. ಮೈದಾನದಲ್ಲಿ ಇಂಥ ಕಥೆಗಳಿಗೆ ಒಂದು ಸಿದ್ಧ ಉತ್ತರವಿರುತ್ತದೆ: ಹುಡುಗಿ ಬೇಗ ಅರಳಿದಳು, ಬೇಗ ಬಾಡಿದಳು, ಒತ್ತಡ ತಡೆಯಲಿಲ್ಲ. ಮೂರು ನಾಲ್ಕು ವರ್ಷ ಈ ಉತ್ತರವನ್ನು ಯಾರೂ ಪ್ರಶ್ನಿಸಲಿಲ್ಲ.

2019ರ ನವೆಂಬರ್ 7ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ಒಂದು ಕಿರು ವೀಡಿಯೊದಲ್ಲಿ ಕೇನ್ ಬೇರೆಯದೇ ವಿವರಣೆ ನೀಡಿದರು. ನೈಕಿ ಕಂಪನಿಯ ಒರೆಗಾನ್ ಪ್ರಾಜೆಕ್ಟ್ ಎಂಬ ತರಬೇತಿ ತಂಡದಲ್ಲಿ, ಮುಖ್ಯ ಕೋಚ್ ಆಲ್ಬರ್ಟೊ ಸಲಾಜಾರ್ ಅವರ ಕೈಕೆಳಗೆ, ತಾನು ಮಾನಸಿಕವಾಗಿಯೂ ದೈಹಿಕವಾಗಿಯೂ ದೌರ್ಜನ್ಯಕ್ಕೆ ಒಳಗಾದೆ ಎಂಬುದು ಆಕೆಯ ಆರೋಪ. ಮಹಿಳಾ ಕ್ರೀಡಾಪಟುಗಳ ಮೇಲೆ ತರಬೇತುದಾರರು ನಡೆಸುವ ಭಾವನಾತ್ಮಕ ದೌರ್ಜನ್ಯದ ಚರ್ಚೆಯಲ್ಲಿ ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಹೊಡೆತವಿಲ್ಲ, ಕೂಡಿಹಾಕಿದ್ದಿಲ್ಲ. ನಡೆದ ಪ್ರತಿಯೊಂದು ಸಂಗತಿಯನ್ನೂ ಬಿಡಿಯಾಗಿ ನೋಡಿದರೆ ಅದು ಕಟ್ಟುನಿಟ್ಟಾದ ತರಬೇತಿಯಂತೆಯೇ ಕಾಣುತ್ತದೆ. ಸುತ್ತಲಿದ್ದವರಿಗೂ ಹಾಗೆಯೇ ಕಂಡಿತ್ತು.

ತಂಡದ ರಚನೆ

ಸಲಾಜಾರ್ ಸಾಮಾನ್ಯ ಕೋಚ್ ಆಗಿರಲಿಲ್ಲ. ಕ್ಯೂಬಾದ ಹವಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅವರು 1980, 1981 ಮತ್ತು 1982ರಲ್ಲಿ ಸತತವಾಗಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು. 1982ರಲ್ಲಿ ಬಾಸ್ಟನ್ ಮ್ಯಾರಥಾನನ್ನೂ ಗೆದ್ದಿದ್ದರು. ದೂರ ಓಟದಲ್ಲಿ ಅಮೆರಿಕದ ಹಳೆಯ ಪ್ರತಿಷ್ಠೆಯನ್ನು ಮರಳಿ ತರಲೆಂದು 2001ರಲ್ಲಿ ನೈಕಿ ಆರಂಭಿಸಿದ ಒರೆಗಾನ್ ಪ್ರಾಜೆಕ್ಟ್‌ನ ಚುಕ್ಕಾಣಿ ಅವರ ಕೈಯಲ್ಲಿತ್ತು. 2012ರ ಲಂಡನ್ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಮೊ ಫರಾ ಮತ್ತು ಬೆಳ್ಳಿ ಗೆದ್ದ ಗೇಲನ್ ರಪ್ ಇಬ್ಬರೂ ಅವರ ಶಿಷ್ಯರು. ಬೀವರ್ಟನ್‌ನಲ್ಲಿರುವ ನೈಕಿ ಆವರಣದ ಒಂದು ಕಟ್ಟಡಕ್ಕೆ ಅವರ ಹೆಸರನ್ನೇ ಇಡಲಾಗಿತ್ತು. ಇಂಥ ವ್ಯಕ್ತಿ ತಾವಾಗಿಯೇ ಕರೆದು ತರಬೇತಿ ಕೊಡುತ್ತೇನೆ ಎಂದರೆ ಹದಿಹರೆಯದ ಓಟಗಾರ್ತಿಗೂ ಆಕೆಯ ತಂದೆತಾಯಿಗೂ ಅದು ಭಾಗ್ಯವೆನಿಸುವುದು ಸಹಜ.

2013ರ ಕೊನೆಯಲ್ಲಿ ಕೇನ್ ಕಾಲೇಜು ಕ್ರೀಡೆಯ ದಾರಿಯನ್ನು ಬಿಟ್ಟು ನೇರವಾಗಿ ವೃತ್ತಿಪರ ಓಟಗಾರ್ತಿಯಾದರು. ಈ ನಿರ್ಧಾರದ ಪರಿಣಾಮ ದೊಡ್ಡದು. ಅಮೆರಿಕದ ಕಾಲೇಜು ತಂಡದಲ್ಲಿ ಕೋಚ್ ಎಷ್ಟೇ ಗಟ್ಟಿಗನಾದರೂ ಅವನ ಮೇಲೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ, ಅದರ ವೈದ್ಯರು, ದೂರು ಸ್ವೀಕರಿಸುವ ಕಚೇರಿ ಮುಂತಾದ ಬೇರೆ ಬೇರೆ ಅಧಿಕಾರಗಳು ಇರುತ್ತವೆ. ಅವು ಯಾವಾಗಲೂ ಸರಿಯಾಗಿ ಕೆಲಸ ಮಾಡುತ್ತವೆ ಎಂದಲ್ಲ, ಆದರೆ ಇರುತ್ತವೆ. ಕಂಪನಿಯ ತಂಡದಲ್ಲಿ ಓಟಗಾರ್ತಿಗೆ ಸಂಬಳ ಕೊಡುವವರು, ಕೋಚ್‌ಗೆ ಸಂಬಳ ಕೊಡುವವರು, ತರಬೇತಿಯ ಜಾಗದ ಒಡೆಯರು ಎಲ್ಲರೂ ಒಬ್ಬರೇ. ಕೇನ್ ಹೇಳುವ ಪ್ರಕಾರ ಆ ತಂಡದಲ್ಲಿ ಅರ್ಹತೆ ಪಡೆದ ಕ್ರೀಡಾ ಮನಶ್ಶಾಸ್ತ್ರಜ್ಞರಾಗಲಿ ಆಹಾರ ತಜ್ಞರಾಗಲಿ ಇರಲಿಲ್ಲ. ಇದ್ದವರು ಸಲಾಜಾರ್ ಅವರ ಸ್ನೇಹಿತರು, ಅದರಲ್ಲೂ ಎಲ್ಲರೂ ಗಂಡಸರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲಿ ಇಲ್ಲಿದೆ. ಕೋಚ್‌ನ ಬಾಯಿ ಎಷ್ಟು ಕಟು ಎಂಬುದಕ್ಕಿಂತ, ನೊಂದ ಹುಡುಗಿ ಯಾರ ಬಳಿ ಹೋದರೂ ಆ ಮಾತು ಮತ್ತೆ ಕೋಚ್‌ನ ಬಳಿಗೇ ಬಂದು ನಿಲ್ಲುವಂತೆ ವ್ಯವಸ್ಥೆ ಇತ್ತು ಎಂಬುದು ಹೆಚ್ಚು ಮುಖ್ಯ.

ತೂಕದ ಯಂತ್ರ

ಸಲಾಜಾರ್ ಆಕೆಗೆ ಗೊತ್ತುಪಡಿಸಿದ ತೂಕ 114 ಪೌಂಡ್, ಅಂದರೆ ಸುಮಾರು 51.7 ಕಿಲೋಗ್ರಾಂ. ಕೇನ್ ಅವರ ಮಾತಿನಲ್ಲಿ ಅದು ಮನಸ್ಸಿಗೆ ಬಂದಂತೆ ಹಾಕಿದ ಅಂಕಿ. ಸಹ ಓಟಗಾರರು ನೋಡುತ್ತಿರುವಾಗಲೇ ಆಕೆ ತೂಕದ ಯಂತ್ರ ಹತ್ತಬೇಕಿತ್ತು. ಮುಳ್ಳು ಆ ಅಂಕಿಯನ್ನು ದಾಟಿದ್ದರೆ ಅವರ ಎದುರಿಗೇ ಹೀಯಾಳಿಕೆ ಕೇಳಬೇಕಿತ್ತು. ತೂಕ ಇಳಿಸಲು ಗರ್ಭನಿರೋಧಕ ಮಾತ್ರೆಗಳನ್ನೂ ಮೂತ್ರವರ್ಧಕ ಮಾತ್ರೆಗಳನ್ನೂ ಕೊಡಲು ಬಯಸಿದ್ದರು ಎಂಬುದೂ ಆಕೆಯ ಆರೋಪ. ಮೂತ್ರವರ್ಧಕಗಳು ದೇಹದ ಕೊಬ್ಬನ್ನು ಕರಗಿಸುವುದಿಲ್ಲ, ನೀರನ್ನಷ್ಟೇ ಹೊರಹಾಕಿ ಮುಳ್ಳನ್ನು ಕೆಳಗಿಳಿಸುತ್ತವೆ. ಮೇಲಾಗಿ ಅವು ಅಥ್ಲೆಟಿಕ್ಸ್‌ನಲ್ಲಿ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿವೆ.

ಈ ಅಂಕಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಕೋಚ್ ನೇರವಾಗಿ ಬೈದರೆ ಅದು ಬೈಗುಳವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಅವಮಾನವನ್ನು ಒಂದು ಯಂತ್ರ ಮತ್ತು ಒಂದು ಸಂಖ್ಯೆಯ ಮೂಲಕ ಮಾಡಿದಾಗ ಅದು ಅಳತೆಯಾಗುತ್ತದೆ, ವಿಜ್ಞಾನವಾಗುತ್ತದೆ, ಅದಕ್ಕೆ ಎದುರಾಡುವವಳು ಸೋಮಾರಿಯಾಗುತ್ತಾಳೆ. ಆದರೆ ಆ ತಂಡದಲ್ಲಿ ವಿಜ್ಞಾನಕ್ಕೆ ಎಷ್ಟು ಬೆಲೆ ಇತ್ತೆಂಬುದನ್ನು ಅಲ್ಲಿ ಸಹಾಯಕ ಕೋಚ್ ಆಗಿದ್ದು 2012ರಲ್ಲಿ ಹೊರಬಂದ ಸ್ಟೀವ್ ಮ್ಯಾಗ್ನೆಸ್ ಹೇಳಿದ್ದಾರೆ. ಒಬ್ಬ ಓಟಗಾರ್ತಿಯ ದೇಹದಲ್ಲಿ ಕೊಬ್ಬಿನ ಪ್ರಮಾಣ ಈಗಾಗಲೇ ತೀರಾ ಕಡಿಮೆ ಇದೆಯೆಂದು ಪರೀಕ್ಷೆಯ ಫಲಿತಾಂಶ ತೋರಿಸಿದಾಗ, ವಿಜ್ಞಾನ ಏನೇ ಹೇಳಲಿ, ತನ್ನ ಕಣ್ಣಿಗೆ ಕಾಣುವುದನ್ನು ತಾನು ನಂಬುತ್ತೇನೆ, ಆಕೆ ತೂಕ ಇಳಿಸಲೇಬೇಕು ಎಂಬ ಅರ್ಥದ ಉತ್ತರ ಸಿಕ್ಕಿತೆಂದು ಅವರು ನೆನೆಸಿಕೊಂಡಿದ್ದಾರೆ. ಅದೇ ತಂಡದಲ್ಲಿದ್ದ ಒಲಿಂಪಿಯನ್ ಏಮಿ ಯೋಡರ್ ಬೆಗ್ಲಿ, 2011ರ ರಾಷ್ಟ್ರೀಯ ಕೂಟದ 10,000 ಮೀಟರ್‌ನಲ್ಲಿ ಆರನೆಯವರಾದ ನಂತರ, ಸಾಲಿನಲ್ಲಿ ನಿಂತವರಲ್ಲೇ ಅತಿ ದಪ್ಪ ಪೃಷ್ಠ ನಿನ್ನದು ಎಂಬ ಮಾತು ಕೇಳಿ ತಂಡದಿಂದ ಹೊರಬೀಳಬೇಕಾಯಿತೆಂದು ಹೇಳಿದ್ದಾರೆ. ಹೀಗಿರುವಾಗ 114 ಎಂಬ ಅಂಕಿ ಯಾವ ಪ್ರಯೋಗಾಲಯದಿಂದ ಬಂತೆಂದು ಹುಡುಕುವ ಅಗತ್ಯ ಉಳಿಯುವುದಿಲ್ಲ.

ದೇಹ ಕೊಟ್ಟ ಲೆಕ್ಕ

ಕೇನ್‌ಗೆ ಮೂರು ವರ್ಷ ಮುಟ್ಟು ನಿಂತಿತ್ತು. ಐದು ಮೂಳೆಗಳು ಮುರಿದವು. ಈ ಎರಡು ಸಂಗತಿಗಳ ನಡುವಿನ ಸಂಬಂಧ ವೈದ್ಯಕೀಯದಲ್ಲಿ ಹೊಸದೇನಲ್ಲ. ವ್ಯಾಯಾಮಕ್ಕೆ ಖರ್ಚಾದ ಮೇಲೆ ಉಳಿಯುವ ಶಕ್ತಿ ದೇಹದ ದಿನನಿತ್ಯದ ಕೆಲಸಗಳಿಗೆ ಸಾಲದಿದ್ದಾಗ ದೇಹ ಉಳಿತಾಯಕ್ಕೆ ತೊಡಗುತ್ತದೆ, ಮತ್ತು ಮೊದಲು ಕೈಬಿಡುವುದು ಸಂತಾನೋತ್ಪತ್ತಿಯ ವ್ಯವಸ್ಥೆಯನ್ನು. ಮೆದುಳಿನ ಹೈಪೊಥಲಾಮಸ್‌ನಿಂದ ಹೊರಡುವ ಹಾರ್ಮೋನು ಸಂಕೇತಗಳು ಕ್ಷೀಣಿಸುತ್ತವೆ, ಅಂಡಾಶಯದಲ್ಲಿ ಈಸ್ಟ್ರೊಜೆನ್ ಉತ್ಪಾದನೆ ಕುಸಿಯುತ್ತದೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಕಡಿಮೆಯಾದರೆ ಮೂಳೆ ಸವೆಯುವ ವೇಗ ಕಟ್ಟುವ ವೇಗವನ್ನು ಮೀರುತ್ತದೆ. ಜೀವನಪೂರ್ತಿ ಸಾಲಬೇಕಾದ ಮೂಳೆಯ ಗಟ್ಟಿತನ ಶೇಖರವಾಗುವುದು ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಸರಿಯಾಗಿ ಅದೇ ವಯಸ್ಸಿನಲ್ಲಿ ಕೇನ್ ಆ ತಂಡದಲ್ಲಿದ್ದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಯನ್ನು ವಿಸ್ತಾರವಾಗಿ ವಿವರಿಸಿ ತಜ್ಞರ ಒಮ್ಮತದ ಹೇಳಿಕೆ ಹೊರಡಿಸಿದ್ದು 2014ರಲ್ಲಿ, ಆಕೆ ಆ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದ ಕಾಲದಲ್ಲಿಯೇ. ಗರ್ಭನಿರೋಧಕ ಮಾತ್ರೆ ಇಲ್ಲಿ ಇನ್ನೊಂದು ಅಪಾಯ ತರುತ್ತದೆ: ಅದರಿಂದ ತಿಂಗಳು ತಿಂಗಳು ರಕ್ತಸ್ರಾವ ಕಾಣಿಸಿಕೊಳ್ಳುವುದರಿಂದ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ, ಮೂಲ ಕೊರತೆ ಹಾಗೆಯೇ ಮುಂದುವರಿಯುತ್ತದೆ.

ಈ ದೈಹಿಕ ಭಾಗವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ, ಭಾವನಾತ್ಮಕ ದೌರ್ಜನ್ಯವೆಂದರೆ ಮನಸ್ಸಿಗಾದ ನೋವು ಮಾತ್ರ, ಸಾಕ್ಷ್ಯವಿಲ್ಲದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಇಲ್ಲಿ ಮಾತಿನ ಪೆಟ್ಟು ಊಟದ ತಟ್ಟೆಯನ್ನು ಮುಟ್ಟಿತು, ತಟ್ಟೆಯಿಂದ ಮುಟ್ಟಿಗೆ, ಅಲ್ಲಿಂದ ಮೂಳೆಗೆ ಇಳಿಯಿತು. ಮೂಳೆ ಮುರಿದವಳು ಓಡಲಾರಳು. ಓಡದವಳ ತೂಕ ಏರುತ್ತದೆ. ಏರಿದರೆ ಮತ್ತೆ ಹೀಯಾಳಿಕೆ. ಕೋಚ್‌ಗೆ ಬೇಕಾಗಿದ್ದ ವೇಗವೇ ಇದರಿಂದ ಹೊರಟುಹೋಗುತ್ತಿತ್ತು ಎಂಬುದನ್ನು ಆ ತಂಡದಲ್ಲಿ ಯಾರೂ ಗಮನಿಸಲಿಲ್ಲವೆಂದರೆ ನಂಬುವುದು ಕಷ್ಟ.

2015ರ ಮೇ ತಿಂಗಳ ರಾತ್ರಿ

ಲಾಸ್ ಏಂಜಲಿಸ್‌ನ ಆಕ್ಸಿಡೆಂಟಲ್ ಕಾಲೇಜಿನ ಟ್ರ್ಯಾಕ್‌ನಲ್ಲಿ ನಡೆದ ಒಂದು ಕೂಟದಲ್ಲಿ ಕೇನ್ ನಿರೀಕ್ಷೆಯಂತೆ ಓಡಲಿಲ್ಲ. ಅಂದು ಗುಡುಗು ಮಳೆ ಸುರಿಯುತ್ತಿತ್ತು. ಮಳೆಯಿಂದ ತಪ್ಪಿಸಿಕೊಳ್ಳಲು ಟ್ರ್ಯಾಕಿನಲ್ಲಿದ್ದ ಅನೇಕರು ಒಂದೇ ಸೂರಿನಡಿ ಸೇರಿದ್ದಾಗ, ಅಷ್ಟೂ ಜನರ ಮುಂದೆ ಸಲಾಜಾರ್ ಜೋರಾಗಿ ಕೂಗಾಡಿದರು, ಓಟಕ್ಕೆ ಮುಂಚೆ ನೀನು ಐದು ಪೌಂಡ್ ದಪ್ಪಗಾಗಿದ್ದೀಯ ಎಂದು ಹಂಗಿಸಿದರು ಎಂದು ಕೇನ್ ಹೇಳುತ್ತಾರೆ. ಅಷ್ಟು ಹೊತ್ತಿಗಾಗಲೇ ಆಕೆಗೆ ಸಾಯುವ ಯೋಚನೆಗಳು ಬರುತ್ತಿದ್ದವು, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳಲು ಆರಂಭಿಸಿದ್ದರು. ಆ ರಾತ್ರಿ ಅದನ್ನು ಸಲಾಜಾರ್ ಅವರಿಗೂ ತಂಡದ ಮನಶ್ಶಾಸ್ತ್ರಜ್ಞರೆನಿಸಿಕೊಂಡವರಿಗೂ ಬಾಯಿಬಿಟ್ಟು ಹೇಳಿದರು. ಅವರಿಬ್ಬರೂ ತಮಗೆ ಹೋಗಿ ಮಲಗಬೇಕಿದೆ ಎನ್ನುವ ಧಾಟಿಯಲ್ಲಿ ಮಾತು ಮುಗಿಸಿದರೆಂದು ಆಕೆ ಆರೋಪಿಸಿದ್ದಾರೆ.

ಆಕೆ ಕೊನೆಗೆ ತಂದೆತಾಯಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಅವರು ಗಾಬರಿಯಾಗಿ ಮೊದಲ ವಿಮಾನ ಹಿಡಿದು ಮನೆಗೆ ಬಾ ಎಂದು ಟಿಕೆಟ್ ಕೊಂಡರು. ತಂಡದ ಆವರಣದಿಂದ ಹೊರಗಿದ್ದ, ಸಲಾಜಾರ್ ಅವರ ಅಂಕೆಗೆ ಸಿಗದಿದ್ದ ಮೊದಲ ಜನರಿಗೆ ಮಾತು ತಲುಪಿದ ತಕ್ಷಣ ಕ್ರಮ ನಡೆಯಿತು. ಹೇಳಬೇಕಾದವರಿಗೆ ಆಕೆ ಹೇಳಲಿಲ್ಲ ಎಂಬ ವಾದವನ್ನು ಮುಂದೆ ಹಲವರು ಎತ್ತಿದರು. ಹೇಳಿದ್ದಳು ಎಂಬುದು ಆಕೆಯ ಹೇಳಿಕೆಯಲ್ಲೇ ಇದೆ.

ನಿರಾಕರಣೆ ಮತ್ತು ಅದರ ತರ್ಕ

ಸಲಾಜಾರ್ ಆರೋಪಗಳನ್ನು ಅಲ್ಲಗಳೆದರು. ಕೇನ್ ಆಗಲಿ ಆಕೆಯ ತಂದೆತಾಯಿಯಾಗಲಿ ಆ ಕಾಲದಲ್ಲಿ ಇಂಥ ದೂರನ್ನು ಎತ್ತಿರಲಿಲ್ಲ, ಆಕೆಯ ತಂದೆ ಸ್ವತಃ ವೈದ್ಯರು, ಔಷಧಗಳ ವಿಷಯ ಅವರಿಗೆ ಗೊತ್ತಿತ್ತು ಎಂದರು. ತಮ್ಮ ಕೆಲವು ಮಾತುಗಳು ಒರಟಾಗಿಯೋ ಸೂಕ್ಷ್ಮವಿಲ್ಲದೆಯೋ ಇದ್ದಿರಬಹುದು, ಯಾರಿಗಾದರೂ ನೋವಾಗಿದ್ದರೆ ಅದು ಉದ್ದೇಶಪೂರ್ವಕವಲ್ಲ, ಕ್ಷಮೆಯಿರಲಿ ಎಂದೂ ಸೇರಿಸಿದರು. ನೈಕಿ ಕಂಪನಿ ಆರೋಪಗಳು ಕಳವಳಕಾರಿ ಎಂದು ಹೇಳಿ ತನಿಖೆ ಘೋಷಿಸಿತು. ಜೊತೆಗೆ ಒಂದು ಮಾತು ಹೇಳಿತು: 2019ರ ಏಪ್ರಿಲ್‌ನಲ್ಲಿ ಕೇನ್ ಸಲಾಜಾರ್ ಅವರ ತಂಡಕ್ಕೆ ಮರಳಲು ಪ್ರಯತ್ನಿಸಿದ್ದರು.

ಈ ಕೊನೆಯ ಮಾತು ನಿಜ, ಕೇನ್ ಅದನ್ನು ಮುಚ್ಚಿಡಲಿಲ್ಲ. ಮೇಲುನೋಟಕ್ಕೆ ಅದು ಆರೋಪವನ್ನು ಉರುಳಿಸುವಂತೆ ಕಾಣುತ್ತದೆ: ಅಷ್ಟು ಹಿಂಸೆಯಾಗಿದ್ದರೆ ಮತ್ತೆ ಯಾರಾದರೂ ಅಲ್ಲಿಗೇ ಹೋಗುತ್ತಾರೆಯೇ? ಸಲಾಜಾರ್ ತನಗೆ ತಂದೆಯಂತೆ, ದೇವರಂತೆ ಇದ್ದರು, ಮನಸ್ಸನ್ನು ಮುರಿದವರ ಮೆಚ್ಚುಗೆಗಾಗಿಯೇ ಮನಸ್ಸು ಎಲ್ಲಕ್ಕಿಂತ ಹೆಚ್ಚು ಹಾತೊರೆಯುತ್ತದೆ ಎಂಬ ಅರ್ಥದಲ್ಲಿ ಕೇನ್ ಉತ್ತರಿಸಿದರು. ಗಂಡನ ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳು ಪದೇ ಪದೇ ಅದೇ ಮನೆಗೆ ಮರಳುವುದನ್ನು ಕಂಡಿರುವ ನಮಗೆ ಇದು ಅಪರಿಚಿತ ಸಂಗತಿಯಲ್ಲ. ಅಲ್ಲಿ ಮರಳುವಿಕೆಯನ್ನು ಹಿಂಸೆ ನಡೆಯಲಿಲ್ಲ ಎಂಬುದಕ್ಕೆ ಪುರಾವೆಯೆಂದು ತಿಳಿವಳಿಕೆಯುಳ್ಳ ಯಾರೂ ಪರಿಗಣಿಸುವುದಿಲ್ಲ. ಕ್ರೀಡೆಯಲ್ಲಿ ಮಾತ್ರ ಅದು ಇಂದಿಗೂ ಪುರಾವೆಯಾಗಿ ಚಲಾವಣೆಯಲ್ಲಿದೆ. ಕೋಚ್ ಹದಿಹರೆಯದ ಹುಡುಗಿಗೆ ನಾನು ಕಂಡವರಲ್ಲೇ ಅತ್ಯಂತ ಪ್ರತಿಭಾವಂತೆ ನೀನು ಎಂದು ಹೇಳಿದವನೂ ಹೌದು, ನೀನು ದಪ್ಪಗಿದ್ದೀಯ ಎಂದವನೂ ಹೌದು. ಎರಡನೆಯ ಮಾತಿನ ಗಾಯಕ್ಕೆ ಮೊದಲ ಮಾತನ್ನೇ ಮದ್ದಾಗಿ ಕೇಳುವ ಸ್ಥಿತಿಗೆ ಆಕೆಯನ್ನು ತಂದದ್ದು ದೌರ್ಜನ್ಯದ ಫಲವೇ ಆಗಿದೆ.

ಸಾಕ್ಷಿಗಳೂ ಬಂದರು. ತಂಡದ ಹಳೆಯ ಓಟಗಾರ, ಕೆನಡಾದ ಕ್ಯಾಮ್ ಲೆವಿನ್ಸ್, ಕೋಚ್‌ಗಳು ಕೇನ್ ಅವರ ತೂಕದ ಬಗ್ಗೆ ಗೀಳು ಹಿಡಿದವರಂತಿದ್ದರು, ಅದನ್ನು ಬೇರೆ ಓಟಗಾರರ ಎದುರು ಬಹಿರಂಗವಾಗಿಯೇ ಆಡುತ್ತಿದ್ದರು, ತನಗೆ ಅದು ಗೊತ್ತಿತ್ತು ಎಂದು ಒಪ್ಪಿಕೊಂಡು ಕೇನ್ ಅವರ ಕ್ಷಮೆ ಕೇಳಿದರು. ವೀಡಿಯೊ ಬಂದ ಮೇಲೆ ಬಂದ ಈ ಸಾಕ್ಷ್ಯಗಳು ಆರೋಪಕ್ಕೆ ಬಲ ಕೊಟ್ಟವು. ಆದರೆ 2014ರಲ್ಲಿ ಅದೇ ಕೋಣೆಯಲ್ಲಿ ನಿಂತು ನೋಡಿದವರು ಅಂದೇ ಏಕೆ ಬಾಯಿ ತೆರೆಯಲಿಲ್ಲ ಎಂದು ಕೇಳಿದರೆ, ಅವರ ಸಂಬಳವೂ ಅದೇ ಕಂಪನಿಯಿಂದ ಬರುತ್ತಿತ್ತು, ಅವರ ಮುಂದಿನ ಓಟವೂ ಅದೇ ಕೋಚ್‌ನ ಕೈಯಲ್ಲಿತ್ತು ಎಂಬ ಉತ್ತರಕ್ಕೇ ಬರಬೇಕಾಗುತ್ತದೆ.

ಶಿಕ್ಷೆ

ವೀಡಿಯೊ ಬರುವ ಮೊದಲೇ ಸಲಾಜಾರ್ ಬೇರೊಂದು ಕಾರಣಕ್ಕೆ ಕ್ರೀಡೆಯಿಂದ ಹೊರಗಿದ್ದರು. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ದೀರ್ಘ ತನಿಖೆಯ ನಂತರ, 2019ರಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿರುವಾಗಲೇ, ಅವರಿಗೆ ನಾಲ್ಕು ವರ್ಷಗಳ ನಿಷೇಧ ವಿಧಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೈಕಿ ಒರೆಗಾನ್ ಪ್ರಾಜೆಕ್ಟನ್ನು ಮುಚ್ಚಿತು. ಆ ತನಿಖೆಯ ಒಂದು ಅಂಶ, ಎಲ್-ಕಾರ್ನಿಟೈನ್ ಎಂಬ ಪದಾರ್ಥವನ್ನು ರಕ್ತನಾಳದ ಮೂಲಕ ಅನುಮತಿಸಿದ ಮಿತಿಗಿಂತ ಹೆಚ್ಚು ಪ್ರಮಾಣದಲ್ಲಿ ಕೊಟ್ಟದ್ದು. ಅಂದಿನ ನಿಯಮದಲ್ಲಿ ಮಿತಿ ಆರು ಗಂಟೆಗೆ 50 ಮಿಲಿಲೀಟರ್. ಕ್ರೀಡಾಪಟುವಿನ ರಕ್ತನಾಳಕ್ಕೆ ಹೋಗುವ ದ್ರವವನ್ನು ಮಿಲಿಲೀಟರ್ ಲೆಕ್ಕದಲ್ಲಿ ಕಾಯುವ ಕ್ರೀಡಾ ಆಡಳಿತಕ್ಕೆ, ಆಕೆಯ ಕಿವಿಗೆ ದಿನವೂ ಬೀಳುವ ಮಾತನ್ನು ಕಾಯಲು ಆಗ ಇದ್ದ ವ್ಯವಸ್ಥೆ ಬಹುಮಟ್ಟಿಗೆ ಕಾಗದದ ಮೇಲಿನದು.

ಅಂಥ ವ್ಯವಸ್ಥೆಯೆಂದು ಹೇಳಬಹುದಾದದ್ದು ಕ್ರೀಡೆಯಲ್ಲಿನ ದೌರ್ಜನ್ಯದ ದೂರುಗಳನ್ನು ವಿಚಾರಿಸಲು 2017ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಆರಂಭವಾದ ಸೇಫ್‌ಸ್ಪೋರ್ಟ್ ಕೇಂದ್ರ. ಅದರ ಸಂಹಿತೆ ಲೈಂಗಿಕ ದುರ್ನಡತೆಯ ಜೊತೆಗೆ ಭಾವನಾತ್ಮಕ ದುರ್ನಡತೆಯನ್ನೂ ಪ್ರತ್ಯೇಕ ಅಪರಾಧವಾಗಿ ಹೆಸರಿಸುತ್ತದೆ: ಮಾತಿನ ಹಿಂಸೆ, ಬೆದರಿಸುವ ವರ್ತನೆ, ಬೇಕೆಂದೇ ಗಮನ ಮತ್ತು ಬೆಂಬಲವನ್ನು ನಿರಾಕರಿಸುವುದು ಅದರಲ್ಲಿ ಸೇರುತ್ತವೆ. ವೃತ್ತಿಯಲ್ಲಿ ಒಪ್ಪಿತವಾದ ತರಬೇತಿ ವಿಧಾನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಈ ವಿನಾಯಿತಿ ಅಗತ್ಯವೇ ಸರಿ, ಇಲ್ಲದಿದ್ದರೆ ಯಾವ ಕೋಚ್ ಕೂಡ ಇನ್ನೊಂದು ಸುತ್ತು ಓಡು ಎಂದು ಗದರಲಾಗದು. ಆದರೆ ತೂಕ ನೋಡುವುದು ದಶಕಗಳಿಂದ ಒಪ್ಪಿತ ವಿಧಾನವೇ ಆಗಿತ್ತಲ್ಲ. ತೂಕ ನೋಡುವುದು ಎಲ್ಲಿ ಮುಗಿದು ಎಲ್ಲರೆದುರು ಮಾನ ಕಳೆಯುವುದು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವ ಕಷ್ಟ ಈ ವಿನಾಯಿತಿಯ ಒಳಗೇ ಕುಳಿತಿದೆ. 2020ರ ಜನವರಿಯಲ್ಲಿ ಕೇಂದ್ರ ಸಲಾಜಾರ್ ಅವರನ್ನು ತಾತ್ಕಾಲಿಕವಾಗಿ, 2021ರ ಜುಲೈನಲ್ಲಿ ಶಾಶ್ವತವಾಗಿ ನಿಷೇಧಿಸಿತು. ಕಾರಣಗಳಾಗಿ ಲೈಂಗಿಕ ಹಾಗೂ ಭಾವನಾತ್ಮಕ ದುರ್ನಡತೆ ಎರಡನ್ನೂ ದಾಖಲಿಸಲಾಯಿತು. ಲೈಂಗಿಕ ದುರ್ನಡತೆಯ ಭಾಗ ಇನ್ನೊಬ್ಬ ಓಟಗಾರ್ತಿಯ ದೂರಿಗೆ ಸಂಬಂಧಿಸಿದ್ದೆಂದು ವರದಿಯಾಯಿತು. ಸಲಾಜಾರ್ ಅದನ್ನು ನಿರಾಕರಿಸಿದ್ದಾರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆ ವಿಚಾರಣೆಯೂ ನಿಷೇಧವನ್ನು ಎತ್ತಿಹಿಡಿಯಿತು.

2021ರ ಅಕ್ಟೋಬರ್‌ನಲ್ಲಿ ಕೇನ್ ಒರೆಗಾನ್‌ನ ನ್ಯಾಯಾಲಯದಲ್ಲಿ ಸಲಾಜಾರ್ ಮತ್ತು ನೈಕಿ ಇಬ್ಬರ ಮೇಲೂ 2 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿದರು. ಕಂಪನಿಯನ್ನು ಸೇರಿಸಿದ್ದು ಆ ದಾವೆಯ ಮಹತ್ವದ ಅಂಶ. ಕೋಚ್ ಏನು ಮಾಡುತ್ತಿದ್ದಾರೆಂದು ತಿಳಿದೂ ಕಂಪನಿ ತಡೆಯಲಿಲ್ಲ ಎಂಬ ವಾದ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಿದ್ದರೆ ಮುಂದಿನ ಪ್ರಕರಣಗಳಿಗೆ ಒಂದು ದಾರಿಯಾಗುತ್ತಿತ್ತು. 2023ರ ಕೊನೆಯಲ್ಲಿ ದಾವೆ ರಾಜಿಯಲ್ಲಿ ಮುಗಿಯಿತು, ಷರತ್ತುಗಳು ಬಹಿರಂಗವಾಗಲಿಲ್ಲ. ಕೇನ್ ಅವರ ನಿರ್ಧಾರವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಮಾಲೀಕರ ಹೊಣೆಯ ಪ್ರಶ್ನೆ ತೀರ್ಪಿಲ್ಲದೆ ಉಳಿಯಿತು ಎಂಬುದನ್ನು ಗುರುತಿಸಲೇಬೇಕು. ಸಲಾಜಾರ್ ಅವರ ಹೆಸರಿನ ಕಟ್ಟಡಕ್ಕೆ ಅಷ್ಟರಲ್ಲಿ ಬೇರೆ ಹೆಸರು ಬಂದಿತ್ತು.

ಇದೇ ಪ್ರಕರಣ ನಮ್ಮಲ್ಲಿ ನಡೆದಿದ್ದರೆ

ಕರ್ನಾಟಕದ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಊರಿನಿಂದ ದೂರವಿದ್ದು ತರಬೇತಿ ಪಡೆಯುವ ಹುಡುಗಿಯರ ದೃಷ್ಟಿಯಿಂದ ನೋಡಿದರೆ ಕಾನೂನಿನ ಚಿತ್ರ ಅರ್ಧಂಬರ್ಧ. 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಕ್ರೀಡಾ ಸಂಸ್ಥೆ, ಕ್ರೀಡಾಂಗಣ ಮತ್ತು ತರಬೇತಿಯ ಜಾಗವನ್ನು, ವಸತಿ ಇರಲಿ ಇಲ್ಲದಿರಲಿ, ಸ್ಪಷ್ಟವಾಗಿ ತನ್ನ ವ್ಯಾಪ್ತಿಗೆ ತಂದಿದೆ. ಆದರೆ ಕಿರುಕುಳ ಲೈಂಗಿಕ ಸ್ವರೂಪದ್ದಾಗಿರಬೇಕು. ಎಲ್ಲರೆದುರು ತೂಕ ಹಾಕಿ ಹಂಗಿಸುವುದನ್ನು ಆಂತರಿಕ ದೂರು ಸಮಿತಿಯ ಮುಂದೆ ಒಯ್ದರೆ ಇದು ನಮ್ಮ ವಿಷಯವಲ್ಲ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಮಗುವಿನ ಉಸ್ತುವಾರಿ ಹೊತ್ತವರು ಅನಗತ್ಯ ಮಾನಸಿಕ ಅಥವಾ ದೈಹಿಕ ಯಾತನೆ ಉಂಟುಮಾಡುವುದನ್ನು ಅಪರಾಧವೆನ್ನುತ್ತದೆ, ಆದರೆ ಅದರ ರಕ್ಷಣೆ 18 ವರ್ಷ ತುಂಬುವವರೆಗೆ ಮಾತ್ರ. ಕೇನ್ 18 ತುಂಬಿದ್ದು 2014ರ ಮೇ ತಿಂಗಳಲ್ಲಿ. ಲಾಸ್ ಏಂಜಲಿಸ್‌ನ ಆ ರಾತ್ರಿಗೆ ಆಕೆಗೆ 19. ನಮ್ಮ ಕಲಂ ಆಕೆಯ ನೆರವಿಗೆ ಬರುತ್ತಿರಲಿಲ್ಲ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರು ಮತ್ತು ಅಪ್ರಾಪ್ತ ಕ್ರೀಡಾಪಟುಗಳ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿಯನ್ನೂ ದೂರು ಪರಿಹಾರ ವ್ಯವಸ್ಥೆಯನ್ನೂ ಕೇಳುತ್ತದೆ. ಕೇನ್ ಪ್ರಕರಣವನ್ನು ಮುಂದಿಟ್ಟುಕೊಂಡು ಅಂಥ ನೀತಿಗೆ ಕೇಳಬಹುದಾದ ಪ್ರಶ್ನೆಗಳು ತೀರಾ ಸಣ್ಣವು. ಹಾಸ್ಟೆಲಿನಲ್ಲಿ ಹುಡುಗಿಯರ ತೂಕ ನೋಡುವವರು ಯಾರು, ಎಲ್ಲಿ ನೋಡುತ್ತಾರೆ, ಆ ಅಂಕಿ ಬರೆದ ಪುಸ್ತಕ ಯಾರ ಕೈಯಲ್ಲಿರುತ್ತದೆ? ಮೂರು ತಿಂಗಳು ಮುಟ್ಟಾಗದಿದ್ದರೆ ಅದನ್ನು ಕೇಳಿ ತಿಳಿದುಕೊಳ್ಳುವ ವೈದ್ಯೆ ಇದ್ದಾರೆಯೇ, ಅವರ ನೇಮಕ ಮತ್ತು ವರ್ಗಾವಣೆಯಲ್ಲಿ ಕೋಚ್‌ನ ಮಾತು ನಡೆಯುತ್ತದೆಯೇ? ಮುಂದಿನ ಕೂಟಕ್ಕೆ ತಂಡ ಆಯ್ಕೆ ಮಾಡುವವರೂ ದೂರು ಕೇಳುವವರೂ ಬೇರೆ ಬೇರೆಯವರೇ? ರಾತ್ರಿ ಹತ್ತು ಗಂಟೆಗೆ ಹುಡುಗಿಯೊಬ್ಬಳು ಫೋನ್ ಮಾಡಿದರೆ ಎತ್ತುವವರು ಹಾಸ್ಟೆಲಿನ ಸಿಬ್ಬಂದಿಯೋ, ಹೊರಗಿನವರೋ?